ಅಟ್ಟಕ್ಕೆ ಹಾಕಿದ ಅಮೆರಿಕ

ನಮ್ಮ ತಿಪಟೂರು ಸೀಮೆಯವರಿಗೆ ಒಂದು ಅಭ್ಯಾಸವಿದೆ. ಯಾರ ಮನೆಗೆ ಹೋದರೂ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ತಕ್ಷಣ ತಲೆ ಎತ್ತಿ ಮೇಲೆ ನೋಡುತ್ತೇವೆ. ದೇವರನ್ನು ನೆನೆಯುವುದಕ್ಕಲ್ಲ, ಫ್ಯಾನು ಇದೆಯೇ ಎಂದು ತಿಳಿಯುವುದಕ್ಕೂ ಅಲ್ಲ. ಅಟ್ಟ ನೋಡುವುದಕ್ಕೆ. ಅಟ್ಟದ ಅಡಿಕೆ ದಬ್ಬೆಗಳ ಸಂದಿಯಲ್ಲಿ ತೆಂಗಿನಕಾಯಿ ಕಪ್ಪಗೆ ತುಂಬಿಕೊಂಡಿದ್ದರೆ ಮಾತು ಒಂದು ರೀತಿ ಶುರುವಾಗುತ್ತದೆ, ಸಂದಿಯಲ್ಲಿ ಹೆಂಚಿನ ಬೆಳಕು ಕಂಡರೆ ಇನ್ನೊಂದು ರೀತಿ. ನನ್ನನ್ನು ನೋಡಲು ಅರಳಗುಪ್ಪೆಯಿಂದ ಬಂದ ಮಾವನವರು ತಟ್ಟೆಯ ಉಪ್ಪಿಟ್ಟು ಮುಗಿಯುವವರೆಗೂ ನಮ್ಮ ಅಟ್ಟವನ್ನೇ ನೋಡುತ್ತಿದ್ದರು. ಗಂಡು ನಾನು ಎದುರಿಗೇ ಕೂತಿದ್ದೆ, ಹೊಸ ಷರ್ಟು ತೊಟ್ಟು, ಎಣ್ಣೆ ಹಚ್ಚಿ ಕ್ರಾಪು ಬಾಚಿಕೊಂಡು. ಕೈ ತೊಳೆದು ಎದ್ದವರು "ನಮಗೆ ಒಪ್ಪಿಗೆ" ಎಂದರು. ಯಾವುದು ಒಪ್ಪಿಗೆಯಾಯಿತು ಎಂದು ಕೇಳುವ ಧೈರ್ಯ ನನಗೆ ಇಷ್ಟು ವರ್ಷವಾದರೂ ಬಂದಿಲ್ಲ.

ಬೇರೆ ಸೀಮೆಯ ಓದುಗರಿಗೆ ಇಷ್ಟು ಹೇಳಿಬಿಡುತ್ತೇನೆ. ನಾವು ಹಸಿ ಕಾಯಿ ಒಡೆದು ಬಿಸಿಲಿಗೆ ಹರವಿ ಕೊಬ್ಬರಿ ಮಾಡುವವರಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೇ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಒಳಗೇ ಉರುಳಾಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಟಲೊಟ ಎಂದರೆ ಅದು ಕೊಬ್ಬರಿ. ಗುಳುಕ್ ಎಂದರೆ ಇನ್ನೂ ಕಾಯಿ. ಚಿಕ್ಕವನಿದ್ದಾಗ ಅವ್ವ ನನ್ನನ್ನು ಏಣಿ ಹತ್ತಿಸಿ, "ಒಂದೆರಡು ಅಲ್ಲಾಡ್ಸಿ ನೋಡಿ ಹೇಳ್ಲಾ" ಎನ್ನುತ್ತಿದ್ದಳು. ಅಲ್ಲಿ ಹೊಗೆಯ ವಾಸನೆ, ಒಣ ಸಿಪ್ಪೆಯ ವಾಸನೆ, ಇಲಿಯ ವಾಸನೆ, ಮತ್ತೆ ಹೆಂಚಿನ ಸಂದಿಯಿಂದ ಕೋಲಿನ ಹಾಗೆ ಇಳಿದ ಬಿಸಿಲು. ಆ ಕತ್ತಲಲ್ಲಿ ಸಾವಿರಾರು ಕಾಯಿಗಳು ಸದ್ದಿಲ್ಲದೆ ಬದಲಾಗುತ್ತಿವೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ಆ ಬೆರಗಿನಲ್ಲಿ ಲೊಟಲೊಟ ಯಾವುದು ಗುಳುಕ್ ಯಾವುದು ಎಂಬುದು ಮರೆತುಹೋಗಿ, ಕೆಳಗಿಳಿದು "ಆಗೈತೆ ಅವ್ವ" ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಒಮ್ಮೆ ನನ್ನ ಮಾತು ನಂಬಿ ಸುಲಿಸಿದ ಕಾಯಿಯಲ್ಲಿ ಅರ್ಧದಷ್ಟು ನೀರೇ ಇತ್ತು. ಅಂದಿನಿಂದ ಏಣಿ ಹತ್ತುವ ಕೆಲಸ ನನ್ನ ಅಣ್ಣನ ಪಾಲಾಯಿತು. ನಾನು ಓದಿ ತಿಪಟೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡದ್ದಕ್ಕೆ ಮೂಲಕಾರಣ ಅದೇ ಎಂದು ಅಣ್ಣ ಈಗಲೂ ಹೇಳುತ್ತಾನೆ.

ಈ ಅಟ್ಟದಿಂದ ನಮ್ಮವರಿಗೆ ಒಂದು ಗುಣ ಬಂದುಬಿಟ್ಟಿದೆ. ಯಾವುದಕ್ಕೆ ಈಗ ಕಾಲ ಕೂಡಿಬಂದಿಲ್ಲವೋ ಅದನ್ನು ಅಟ್ಟಕ್ಕೆ ಹಾಕುತ್ತೇವೆ. ಮುರಿದ ತೊಟ್ಟಿಲು ಅಟ್ಟಕ್ಕೆ. ಮಾತು ಬಿಟ್ಟ ದಾಯಾದಿಗಳ ಮದುವೆಯ ಉಡುಗೊರೆ ಅಟ್ಟಕ್ಕೆ. ನನ್ನ ಪಿಯುಸಿಯ ಗಣಿತದ ಪುಸ್ತಕ, ಅದೂ ಅಟ್ಟಕ್ಕೆ. ಬೆಲೆಯಿಲ್ಲ ಎಂದರೆ ಗಾಬರಿ ಬೀಳಬಾರದು, ಮೇಲಕ್ಕೆ ಹಾಕಿ ಸುಮ್ಮನಿರಬೇಕು, ಎಂದಾದರೂ ಒಂದು ದಿನ ಲೊಟಲೊಟ ಎನ್ನುತ್ತದೆ. ನಮ್ಮ ರಾಜಕಾರಣ, ಸಂಸಾರ, ಆರೋಗ್ಯ ಎಲ್ಲವೂ ನಡೆಯುವುದು ಇದೇ ನಂಬಿಕೆಯ ಮೇಲೆ. ಕೆಮ್ಮನ್ನು ಕೂಡ ಅಟ್ಟಕ್ಕೆ ಹಾಕಿ, ವಾಸಿಯಾಗದೇ ಇದ್ದಾಗ ನನ್ನ ಅಂಗಡಿಗೆ ಬರುತ್ತಾರೆ.

ಇಂಥ ಅಟ್ಟಕ್ಕೂ ಹೊರದೇಶಕ್ಕೂ ನೆಂಟಸ್ತಿಕೆ ಇದೆ ಎಂದು ನನಗೆ ಮೊದಲು ಗೊತ್ತಾದದ್ದು ಅಪ್ಪನ ಕಾಲದಲ್ಲಿ. ಯಾವುದೋ ದೇಶಗಳ ಜೊತೆ ಒಪ್ಪಂದವಾಗಿದೆಯಂತೆ, ಸುಂಕ ಇಳಿಸಿದ್ದಾರಂತೆ, ತಾಳೆ ಎಣ್ಣೆ ಹಡಗಿನಲ್ಲಿ ಬರುತ್ತಿದೆಯಂತೆ, ಇನ್ನು ಕೊಬ್ಬರಿ ಕೇಳುವವರಿಲ್ಲವಂತೆ ಎಂದು ಊರೆಲ್ಲ ಗುಲ್ಲಾಯಿತು. ನಾನು ಹಡಗು ಕಂಡವನಲ್ಲ. ನಮ್ಮ ಕೆರೆಯಷ್ಟು ಅಗಲದ ಒಂದು ಕೊಪ್ಪರಿಗೆ, ಅದರ ತುಂಬ ಎಣ್ಣೆ, ತುಳುಕದ ಹಾಗೆ ಹುಟ್ಟು ಹಾಕುತ್ತಿರುವ ನಾಲ್ಕು ಜನ, ಹೀಗೆ ಕಲ್ಪಿಸಿಕೊಂಡಿದ್ದೆ. ತಿಪಟೂರಿನಲ್ಲಿ ರಸ್ತೆ ತಡೆಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಹೆದ್ದಾರಿಯ ಮೇಲೆ ಕಾಯಿ ಒಡೆದು ಘೋಷಣೆ ಕೂಗಿದರು. ನಾನು ಸಿಡಿದ ಚೂರುಗಳನ್ನು ಆರಿಸಿ ತಿಂದು ಹೊಟ್ಟೆ ಕೆಡಿಸಿಕೊಂಡೆ, ಹೋರಾಟದಲ್ಲಿ ನನ್ನ ಪಾಲು ಅಷ್ಟೇ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಆಡಿದ ಮಾತು ನೆನಪಿದೆ. "ಅಲ್ಲ ಕಣ್ ಮಗ, ಅದ್ಯಾವ್ದೋ ದೇಶ್ದಾಗೆ ಕುಂತು ಒಬ್ಬ ಸೈ ಹಾಕ್ತಾನೆ. ಅದು ನಮ್ ಅಟ್ಟದ್ ಮ್ಯಾಲಿನ್ ಕಾಯ್ಗೆ ಹೆಂಗ್ ಗೊತ್ತಾಗ್ತದೆ?" ಅಪ್ಪನಿಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ನನಗೆ ಇಂದಿಗೂ ಅಷ್ಟೇ.

ಮೊನ್ನೆ ಮೊನ್ನೆ ಅಮೆರಿಕದವರು ಸುಂಕ ಏರಿಸಿದ ಸುದ್ದಿ ಬಂದಾಗ ನನ್ನ ಅಂಗಡಿಯ ಮುಂದಿನ ಬೆಂಚಿಗೆ ಬಿಡುವೇ ಇರಲಿಲ್ಲ. ಬಿಪಿ ಮಾತ್ರೆಗೆ ಬಂದವರು ಮಾತ್ರೆ ತೆಗೆದುಕೊಂಡ ಮೇಲೂ ಏಳುತ್ತಿರಲಿಲ್ಲ. ಮಾತ್ರೆಯ ಮೇಲಿನ ಇಂಗ್ಲಿಷ್ ಓದುತ್ತೇನೆ ಎಂಬ ಕಾರಣಕ್ಕೆ ಈ ಸೀಮೆಗೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ಪಂಡಿತ ನಾನೇ.

"ಈಗ ಈ ಸುಂಕ ಯಾರ್ ಕಟ್ಟೋದು? ನಾವೋ ಅವರೋ?" ಎಂದರು ಸಕ್ಕರೆ ಕಾಯಿಲೆಯ ಯಜಮಾನರೊಬ್ಬರು.

"ಅವರ ದೇಶದವರೇ ಕಟ್ಟೋದು ಯಜಮಾನ್ರೆ. ನಮ್ ಸಾಮಾನು ತಗೊಳ್ಳೋರು."

"ಅವರ ಸರ್ಕಾರ ಅವರ್ ಜನರ ಹತ್ರಾನೇ ಇಸ್ಕಳದಾ?"

"ಹೌದು."

"ಮತ್ತೆ ನಮ್ ಸಾಮಾನು ಯಾಕ್ ನಿಂತೋಯ್ತು?"

ಇಲ್ಲಿಗೆ ನನ್ನ ಪಾಂಡಿತ್ಯ ಮುಗಿಯುತ್ತಿತ್ತು. "ಸಕ್ಕರೆ ಎಷ್ಟಿದೆ ಈಗ?" ಎಂದು ಮಾತು ತಿರುಗಿಸುತ್ತಿದ್ದೆ. ಬೆಂಚಿನ ಮೇಲಿದ್ದ ಇನ್ನೊಬ್ಬರು, "ಅವ್ರ ದೇಶ್ದಾಗೆ ತೆಂಗಿನ್ ಮರಾನೇ ಕಮ್ಮಿಯಂತೆ. ಇಲ್ದಿರೋ ಮರಕ್ಕೆ ಬೇಲಿ ಹಾಕವ್ರಲ್ಲಪ್ಪ" ಎಂದು ತಲೆದೂಗಿದರು. ಬೈದವರೂ ಇದ್ದರು. ಆದರೆ ಬೈಗುಳದೊಳಗೂ ಒಂದು ಬೆರಗು ಇತ್ತು. ಸಮುದ್ರದಾಚೆ ಯಾರೋ ಬಾಯಿ ತೆರೆದರೆ ನಮ್ಮೂರಿನ ಒಂದು ಕಣದಲ್ಲಿ ಮಿಷನ್ನು ನಿಲ್ಲುತ್ತದೆ ಎಂಬ ಬೆರಗು.

ಕಣ ಎಂದೆನಲ್ಲ, ಅದು ನನ್ನ ಅತ್ತಿಗೆಯದು. ನಮ್ಮೂರು ಹಾಲ್ಕುರಿಕೆಯ ದಾರಿಯಲ್ಲಿದೆ. ಮಗಳನ್ನು ಚಿಕ್ಕನಾಯಕನಹಳ್ಳಿಗೆ ಕೊಟ್ಟ ಮೇಲೆ ಅತ್ತಿಗೆಗೆ ಮನೆಯಲ್ಲಿ ಕೈ ಸುಮ್ಮನಿರಲಿಲ್ಲ. ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವ ಫ್ಯಾಕ್ಟರಿಯ ಹಿಂದೆ ಕಂದು ಪುಡಿ ಗುಡ್ಡವಾಗಿ ಬಿದ್ದಿರುತ್ತದಲ್ಲ, ನಾವು ಹುಡುಗರಾಗಿದ್ದಾಗ ಜಾರುಬಂಡೆ ಆಡಿ ಮೈಯೆಲ್ಲ ತುರಿಸಿಕೊಳ್ಳುತ್ತಿದ್ದೆವಲ್ಲ, ಅದೇ ಪುಡಿಯನ್ನು ತರಿಸಿದಳು. ನೀರಿನಲ್ಲಿ ತೊಳೆದು, ಕಣದಲ್ಲಿ ಹರವಿ ಒಣಗಿಸಿ, ಜರಡಿ ಹಿಡಿದು, ಮಿಷನ್ನಿನಲ್ಲಿ ಅದುಮಿ ಇಟ್ಟಿಗೆ ಮಾಡುವ ಕೆಲಸ ಶುರುಮಾಡಿದಳು. ಕೆಲಸಕ್ಕೆ ಊರಿನದೇ ಐದು ಜನ ಹೆಂಗಸರು. ಅವರಲ್ಲಿ ತಿಮ್ಮಕ್ಕನೇ ಹಿರಿಯಳು. ಇಟ್ಟಿಗೆಗಳು ಲಾರಿಯಲ್ಲಿ ಹೋಗಿ, ಹಡಗು ಹತ್ತಿ, ಅಮೆರಿಕಕ್ಕೆ ಹೋಗುತ್ತಿದ್ದವು. ಅಲ್ಲಿ ಅದರಲ್ಲಿ ಸ್ಟ್ರಾಬೆರಿ ಬೆಳೆಯುತ್ತಾರೆ ಎಂದು ಮಾಲು ಕೊಳ್ಳುವ ಏಜೆಂಟ್ ಒಮ್ಮೆ ಫೋಟೋ ಕಳಿಸಿದ್ದ. ಬಿಳಿ ಚೀಲಗಳ ಉದ್ದ ಸಾಲು, ಚೀಲದ ಬಾಯಿಂದ ಜೋತುಬಿದ್ದ ಕೆಂಪು ಹಣ್ಣು. ಎಲ್ಲರೂ ಹಣ್ಣು ನೋಡಿದರೆ ಅತ್ತಿಗೆ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ಚೀಲದ ಸೀಳಿನಲ್ಲಿ ಕಾಣುವ ಚೂರು ಕಂದು ಬಣ್ಣವನ್ನೇ ನೋಡುತ್ತಿದ್ದಳು.

ತಿಮ್ಮಕ್ಕನಿಗೆ ಆ ಫೋಟೋ ನೋಡಿ ಅಮೆರಿಕದ ಮೇಲೆ ಕನಿಕರ ಹುಟ್ಟಿತು. "ಎಷ್ಟ್ ದೊಡ್ಡ ದೇಶ ಅಂತಾರೆ. ಗಿಡ ನೆಡಾಕೆ ಒಂದ್ ಹಿಡಿ ಮಣ್ಣಿಲ್ವಲ್ಲ ಪಾಪ" ಎಂದಳು. ಮಣ್ಣಿದೆ ತಿಮ್ಮಕ್ಕ, ಇದು ಹೊಸ ಬೇಸಾಯ ಎಂದು ನಾನು ವಿವರಿಸಿದೆ. ಅವಳು ಒಪ್ಪಲಿಲ್ಲ. ಮಣ್ಣಿದ್ದವರು ಯಾರಾದರೂ ಇಷ್ಟು ದೂರದಿಂದ ಹೊಟ್ಟು ತರಿಸುತ್ತಾರೆಯೇ? ಮಣ್ಣಿಲ್ಲದವರಿಗೆ ಮೋಸವಾಗಬಾರದು ಎಂದು ಅವಳು ಜರಡಿಯನ್ನು ಇನ್ನೊಂದು ಸುತ್ತು ಹಿಡಿಯುತ್ತಿದ್ದಳು.

ಕಣದಲ್ಲಿ ಕಟ್ಟುನಿಟ್ಟು ಒಂದೇ. ಅದುಮಿದ ಇಟ್ಟಿಗೆಗೆ ಒಂದು ಹನಿ ನೀರೂ ಸೋಕಬಾರದು. ತೇವ ಇದ್ದರೆ ಮಾಲು ವಾಪಸು. ಆಕಾಶದಲ್ಲಿ ಒಂದು ಮೋಡ ಕಂಡರೂ ಐವರೂ ಟಾರ್ಪಾಲು ಹಿಡಿದು ಓಡುತ್ತಿದ್ದರು. ಯಾರಾದರೂ ನೀರಿನ ಚೊಂಬು ಹಿಡಿದು ಇಟ್ಟಿಗೆಯ ಕಡೆ ಬಂದರೆ ಅತ್ತಿಗೆ ದೂರದಿಂದಲೇ ಕೂಗುತ್ತಿದ್ದಳು. ಒಮ್ಮೆ ನಾನು ಇಟ್ಟಿಗೆಯ ಸಾಲಿನ ಪಕ್ಕ ನಿಂತು ಎಳನೀರು ಕುಡಿದದ್ದಕ್ಕೆ ಮೈದುನ ಎಂಬುದನ್ನೂ ನೋಡದೆ ಬೈದಿದ್ದಳು.

ಸುಂಕದ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಏಜೆಂಟ್ ಫೋನು ಮಾಡಿದ. ಅಂದು ನಾನೂ ಊರಲ್ಲಿದ್ದೆ. ಅತ್ತಿಗೆ ಎಲ್ಲರಿಗೂ ಕೇಳಿಸುವಂತೆ ಫೋನನ್ನು ಜಗಲಿಯ ಮೇಲಿಟ್ಟಳು.

"ಸದ್ಯಕ್ಕೆ ನಿಲ್ಲಿಸಿಬಿಡಿ ಅಮ್ಮ. ಅಲ್ಲಿ ತಗೊಳ್ಳೋರು ಬೇಡ ಅಂತಿದಾರೆ. ಎರಡು ದೇಶದೋರೂ ಮಾತಾಡ್ತಿದಾರೆ, ಒಪ್ಪಂದ ಆದ್ರೆ ನಾನೇ ಫೋನ್ ಮಾಡ್ತೀನಿ."

"ಯಾವಾಗ ಆಯ್ತದಪ್ಪ ಅದು?"

"ನನ್ ಕೈಲಿದ್ದಿದ್ರೆ ಇಷ್ಟೊತ್ತಿಗೆ ಆಗಿರೋದು."

ಕಣದಲ್ಲಿ ಆಗಲೇ ಒಂದು ಲಾರಿಯಷ್ಟು ಇಟ್ಟಿಗೆ ಸಿದ್ಧವಾಗಿತ್ತು. ಮಿಷನ್ನು ನಿಂತಿತು. ಹೆಂಗಸರು ಎರಡು ದಿನ ಎಂದಿನಂತೆ ಬುತ್ತಿ ಕಟ್ಟಿಕೊಂಡು ಬಂದು, ಸುಮ್ಮನೆ ಕಣ ಗುಡಿಸಿ ಹೋದರು. ಮೂರನೆಯ ದಿನ ಅತ್ತಿಗೆಯೇ ಬರಬೇಡಿ ಎಂದಳು. ತಿಮ್ಮಕ್ಕ ಹೊರಡುವಾಗ, "ಮಣ್ಣಿಲ್ದೋರು ಹಿಂಗ್ ಮಾಡಬಾರ್ದಿತ್ತು" ಎಂದಳಂತೆ. ಮಿಕ್ಕ ನಾಲ್ವರು ಹರೆಯದವರು. ತುಮಕೂರಿನ ಗಾರ್ಮೆಂಟ್ಸಿನ ಬಸ್ಸು ಊರ ಮುಂದೆಯೇ ಹೋಗುತ್ತದೆ, ಹತ್ತಿಯಾರು. ತಿಮ್ಮಕ್ಕನನ್ನು ಆ ವಯಸ್ಸಿನಲ್ಲಿ ಯಾವ ಬಸ್ಸೂ ಹತ್ತಿಸಿಕೊಳ್ಳುವುದಿಲ್ಲ. ಅತ್ತಿಗೆಯ ಚಿಂತೆ ಅದೇ ಆಯಿತು. ಅಷ್ಟರಲ್ಲಿ ಅರಸೀಕೆರೆ ಕಡೆಯವನೊಬ್ಬ ಬಂದು ಮಿಷನ್ನು ನೋಡಿ, ದೀಪಾವಳಿ ಕಳೆದ ಮಾರನೆಯ ದಿನ ಲಾರಿ ತರುತ್ತೇನೆ, ಕೊಡುವುದಾದರೆ ಹೇಳಿ ಎಂದು ಹೋದ. ಅತ್ತಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮಿಷನ್ನು ಹೋದರೆ ಕಣ ಮುಚ್ಚಿದ ಹಾಗೆಯೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆಗ ಅಣ್ಣ ತನ್ನ ಜೀವಮಾನದ ಅನುಭವವನ್ನೆಲ್ಲ ಸೇರಿಸಿ ಒಂದು ತೀರ್ಪು ಕೊಟ್ಟ.

"ಯಾತುಕ್ ಯೋಚ್ನೆ? ಇಟ್ಗೆನೆಲ್ಲ ಅಟ್ಟಕ್ ಹಾಕು. ಅಮೆರಿಕದೋರು ಎಷ್ಟ್ ದಿನ ಇರ್ತಾರೆ? ತಡ್ಕಂಡ್ರೆ ಬೆಲೆ ಬಂದೇ ಬತ್ತದೆ."

ಅಟ್ಟ ಖಾಲಿಯೂ ಇತ್ತು. ಆ ಬೇಸಿಗೆಯಲ್ಲೇ ಕೊಬ್ಬರಿಗೆ ಯಾರೂ ಕೇಳರಿಯದ ಬೆಲೆ ಬಂದು, ಊರಿಗೆ ಊರೇ ಕಾಯಿ ಇಳಿಸಿ ಮಾರಿತ್ತು. ನಮ್ಮ ನಡುಮನೆಯಲ್ಲಿ ತಲೆ ಎತ್ತಿದರೆ ಹುಟ್ಟಿದಾಗಿನಿಂದ ಕಾಣದ ಬೆಳಕು. ದುಡ್ಡು ಬಂದರೂ ಆ ಬೆಳಕಿನ ಕೆಳಗೆ ಊಟಕ್ಕೆ ಕೂರುವುದು ಅಣ್ಣನಿಗೆ ಮುಜುಗರ. ಹಾಗಾಗಿ ಇಟ್ಟಿಗೆಗಳನ್ನು ಮೇಲೇರಿಸಿ ಒತ್ತಾಗಿ ಜೋಡಿಸಿದ. ನಾನೂ ಕೈ ಹಾಕಿದೆ. ಬೆಳಕು ಮುಚ್ಚಿತು. "ಈಗ ಮನೆ ಮನೆ ಇದ್ದಂಗೈತೆ ಕಣ್ಲಾ" ಎಂದು ಅಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಬೆವರು ಒರೆಸಿಕೊಂಡ. ಕಾಯಿ ತುಂಬಿದ್ದಾಗ ಪ್ರತಿ ಮಳೆಗಾಲಕ್ಕೂ ಮುಂಚೆ ಹೆಂಚು ನೋಡಿ ಸರಿಮಾಡಿಸುತ್ತಿದ್ದವನು, ಈ ಸಲ ಅಟ್ಟ ಖಾಲಿಯಿದ್ದುದರಿಂದ ಹೆಂಚು ನೋಡಿರಲಿಲ್ಲ. ಕೋತಿಗಳು ನೋಡಿದ್ದವು.

ಚಿತ್ತೆ ಮಳೆ ಹಿಡಿದ ಒಂದು ಭಾನುವಾರ ನಾನು ಊರಿಗೆ ಹೋಗಿದ್ದೆ. ಹಿಂದಿನ ದಿನದಿಂದ ಬಿಟ್ಟೂ ಬಿಡದೆ ಹುಯ್ಯುತ್ತಿತ್ತು. ಮಧ್ಯಾಹ್ನ ನಡುಮನೆಯಲ್ಲಿ ಅಣ್ಣನೂ ನಾನೂ ಊಟಕ್ಕೆ ಕೂತಿದ್ದೆವು. ಮುದ್ದೆ, ಹುರುಳಿಕಟ್ಟಿನ ಸಾರು. ಅತ್ತಿಗೆ ಬಡಿಸುತ್ತಿದ್ದಳು. ನನ್ನ ಮಜ್ಜಿಗೆಯ ಲೋಟದೊಳಕ್ಕೆ ಕಂದು ಪುಡಿ ಉದುರಿತು. "ಇಲಿ ಕಣ್ಲಾ" ಎಂದ ಅಣ್ಣ. ಸ್ವಲ್ಪ ಹೊತ್ತಿಗೆ ಮೇಲೆ ಲಟ್ ಎಂದಿತು. ಮೂವರೂ ತಲೆ ಎತ್ತಿದೆವು.

ದಬ್ಬೆಗಳ ಸಂದಿಯಿಂದ ಏನೋ ಇಳಿಯುತ್ತಿತ್ತು. ಕಂದು ಬಣ್ಣ, ಮೆತ್ತಗೆ, ಚಕ್ಕುಲಿ ಒರಳಿನಿಂದ ಹಿಟ್ಟು ಇಳಿದ ಹಾಗೆ. ಒಂದು ಸಂದಿಯಲ್ಲ, ಆ ಮೂಲೆಯ ಸಂದಿಗಳಲ್ಲೆಲ್ಲ. ನೋಡುತ್ತಿದ್ದ ಹಾಗೆಯೇ ಅಟ್ಟ ಹೊಟ್ಟೆ ಬಿಟ್ಟುಕೊಂಡಿತು. ಅಣ್ಣ ಎಂಜಲು ಕೈಯಲ್ಲೇ ಏಣಿ ಹತ್ತಿ, ತಲೆ ತೂರಿಸಿ, ಅಲ್ಲೇ ನಿಂತುಬಿಟ್ಟ.

"ಏನ್ರೀ ಅದು?" ಎಂದಳು ಅತ್ತಿಗೆ.

"ಏನೋ... ಬೆಳೀತಾ ಐತೆ ಕಣೇ."

ಅಣ್ಣ ಹೆದರುವ ಜಾತಿಯವನಲ್ಲ. ತೋಟದಲ್ಲಿ ನಾಗರಹಾವು ಕಂಡರೆ ದಾರಿ ಬಿಟ್ಟು ನಿಂತು, ಅದು ಹೋದ ಮೇಲೆ ಬೀಡಿ ಹಚ್ಚುವವನು. ಈಗ ಏಣಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದ. ಸರಿದ ಹೆಂಚಿನ ಕೆಳಗಿನ ಇಟ್ಟಿಗೆ ನೀರು ಕುಡಿದು ಬಿರಿದು ಉಬ್ಬಿತ್ತು. ಅದು ಪಕ್ಕದ್ದಕ್ಕೆ ನೀರು ದಾಟಿಸಿತ್ತು, ಆ ಪಕ್ಕದ್ದು ಮತ್ತೊಂದಕ್ಕೆ. ಒಂದೊಂದೂ ತನ್ನಷ್ಟೇ ಗಾತ್ರದ ಹಲವನ್ನು ಹೊಟ್ಟೆಯಿಂದ ತೆಗೆದು ಮೇಲಿಟ್ಟ ಹಾಗೆ ಏಳುತ್ತಿತ್ತು. "ಇಳೀರಿ, ಇಳೀರಿ" ಎಂದು ಅತ್ತಿಗೆ ಕೂಗಿದಳು. ಅಣ್ಣ ಇಳಿದು ನಾವೆಲ್ಲ ಬಾಗಿಲಿಗೆ ಓಡುವುದಕ್ಕೂ ದಬ್ಬೆ ಮುರಿಯುವುದಕ್ಕೂ ಸರಿಹೋಯಿತು. ಒದ್ದೆ ಪುಡಿ ಜರ್ರೆಂದು ನಡುಮನೆಗೆ ಸುರಿಯಿತು. ತಟ್ಟೆ ಮುಚ್ಚಿಹೋಯಿತು, ಮಣೆ ಮುಚ್ಚಿಹೋಯಿತು, ನನ್ನ ಅರ್ಧ ಮುದ್ದೆ ಎಲ್ಲಿದೆ ಎಂಬ ಗುರುತೂ ಉಳಿಯಲಿಲ್ಲ. ಸುರಿದು ಸುರಿದು ಒಮ್ಮೆ ನಿಂತಿತು.

ಅತ್ತಿಗೆ ಅಳುತ್ತಾಳೆ ಎಂದುಕೊಂಡೆ. ಆ ಇಟ್ಟಿಗೆಗಳು ಅವಳ ಐದು ಜನರ ಕೊನೆಯ ದುಡಿಮೆ. ಅವಳು ನಿಧಾನವಾಗಿ ಹತ್ತಿರ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಬಳೆ ಮೇಲಕ್ಕೆ ಸರಿಸಿ, ಮೊಣಕೈಯವರೆಗೆ ಕೈಯನ್ನು ಆ ಗುಡ್ಡೆಯೊಳಗೆ ತೂರಿಸಿದಳು.

"ಇಷ್ಟೊಂದಾ?" ಎಂದಳು. "ನಾನು ಇಷ್ಟೊಂದು ಕಳಿಸ್ತಿದ್ನಾ?"

ನನಗೆ ಹೊಳೆದದ್ದು ಆಗಲೇ. ಇವರು ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಇಟ್ಟಿಗೆ ಅದುಮಿದ್ದಾರೆ, ಆದರೆ ಒಂದೇ ಒಂದು ಅರಳಿದ್ದನ್ನು ನೋಡಿರಲಿಲ್ಲ. ನೀರು ಸೋಕಬಾರದು ಎಂಬುದೇ ಕಣದ ಕಾನೂನು. ಅದು ಅರಳುತ್ತಿದ್ದುದು ಸಮುದ್ರದಾಚೆ, ಇವರು ಯಾರೂ ಕಾಣದ ಒಂದು ಚಪ್ಪರದ ಕೆಳಗೆ, ಇವರು ಯಾರೂ ಅರಿಯದ ಒಬ್ಬರ ಕೈಯಲ್ಲಿ. ಇಲ್ಲಿ ಅದುಮುವವರಿಗೆ ಅಲ್ಲಿ ಅರಳುವುದು ಗೊತ್ತಿಲ್ಲ, ಅಲ್ಲಿ ಅರಳಿಸುವವರಿಗೆ ಇಲ್ಲಿ ಅದುಮುವವರು ಗೊತ್ತಿಲ್ಲ. ನಡುವೆ ಸಮುದ್ರ, ಸುಂಕ, ಒಪ್ಪಂದ, ಸಹಿ. ಪತ್ರಿಕೆಯಲ್ಲಿ ವ್ಯಾಪಾರದ ಪುಟ ಓದಿ ನನಗೆ ಎಂದೂ ತಾಗದಿದ್ದುದು ಅಂದು ನಮ್ಮ ನಡುಮನೆಯಲ್ಲಿ ತಾಗಿತು. ನಾನು ಮೆಡಿಕಲ್ ಸ್ಟೋರಿನವನು, ಇಂಥದ್ದಕ್ಕೆ ನನ್ನಲ್ಲಿ ಮಾತ್ರೆ ಇಲ್ಲ.

ಮಳೆ ಸ್ವಲ್ಪ ಹೊಳವಾದಾಗ ಅತ್ತಿಗೆ ತಿಮ್ಮಕ್ಕನಿಗೂ ಉಳಿದ ನಾಲ್ವರಿಗೂ ಹೇಳಿಕಳಿಸಿದಳು. ಅವರು ಗೋಣಿ ಹೊದ್ದು ಬಂದರು. ಏನೋ ಅನಾಹುತವಾಗಿದೆ ಎಂದೇ ಬಂದವರ ಮುಖ. ಅತ್ತಿಗೆ ಅಟ್ಟದ ಇನ್ನೊಂದು ಕೊನೆಯಿಂದ ನೀರು ಸೋಕದ ಒಂದು ಇಟ್ಟಿಗೆ ಇಳಿಸಿ, ಜಗಲಿಯ ಮೇಲೆ ದೊಡ್ಡ ಬಾಂಡಲಿಯಲ್ಲಿಟ್ಟು, ಕೈಯಲ್ಲಿ ನೀರಿನ ಬಿಂದಿಗೆ ಎತ್ತಿಕೊಂಡಳು.

"ಅಯ್ಯೋ, ನೀರು!" ಎಂದು ಒಬ್ಬಳು ಅಭ್ಯಾಸಬಲದಿಂದ ಕಿರುಚಿದಳು.

ಅತ್ತಿಗೆ ಸುರಿದಳು. ಮೊದಲು ಏನೂ ಆಗಲಿಲ್ಲ, ನೀರು ಹೋದ ಜಾಗವೇ ಗೊತ್ತಾಗಲಿಲ್ಲ. ಆಮೇಲೆ ಇಟ್ಟಿಗೆಯ ಅಂಚು ಸಡಿಲವಾಯಿತು, ಮೈ ಬಿರಿಯಿತು, ಪದರ ಪದರವಾಗಿ ಏಳತೊಡಗಿತು. ಇನ್ನೊಂದು ಬಿಂದಿಗೆ. ಮತ್ತೂ ಎದ್ದಿತು. ಬಾಂಡಲಿ ತುಂಬಿ ಜಗಲಿಯ ಮೇಲೆ ಚೆಲ್ಲಿತು. ಐದು ಜನ ಹೆಂಗಸರೂ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಅಣ್ಣ ಬೀಡಿ ಹಚ್ಚುವುದನ್ನು ಮರೆತಿದ್ದ. ತಿಮ್ಮಕ್ಕ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಹಿಂಡಿದಳು. ಬೆರಳ ಸಂದಿಯಿಂದ ಧಾರೆಯಾಗಿ ನೀರು ಇಳಿಯಿತು.

"ಹೊಟ್ಟು ಅಂದ್ಕಂಡಿದ್ನಲ್ಲ ತಾಯಿ" ಎಂದಳು. "ಒಂದ್ ಮಳೆನೇ ಹೊಟ್ಟೇಲಿ ಇಕ್ಕಂತದಲ್ಲ ಇದು."

ನಗುವವರು ನಕ್ಕರು, ಒಬ್ಬಳು ಕಣ್ಣು ಒರೆಸಿಕೊಂಡಳು. ಅತ್ತಿಗೆ ಮಾತ್ರ ಬಾಂಡಲಿಯನ್ನೇ ನೋಡುತ್ತಾ ಯೋಚಿಸುತ್ತಿದ್ದಳು.

"ನೋಡಪ್ಪ" ಎಂದಳು ನನ್ನ ಕಡೆ ತಿರುಗಿ. "ಕಾಣ್ದೆ ಇರೋ ಜನಕ್ಕೇ ಮಾರ್ತಾ ಬಂದ್ವಿ. ಅವರು ಬ್ಯಾಡ ಅಂದ್ರು, ಸರಿ. ಇದ್ನ ಎದುರಿಗೇ ನೋಡ್ದೋರು ಬ್ಯಾಡ ಅಂತಾರಾ? ತುರುವೇಕೆರೆ ತಾವ ಸಸಿ ಮಾಡೋರು ಅವ್ರೆ. ನಡಿ ಹೋಗನ."

ಮಂಗಳವಾರ ಅಂಗಡಿಗೆ ಬೀಗ ಹಾಕಿ ಹೊರಟೆ. ಬಸ್ಸಿನಲ್ಲಿ ಅತ್ತಿಗೆ ಇಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಯ ಚೀಲದಲ್ಲಿಟ್ಟು, ಹಸುಗೂಸಿನ ಹಾಗೆ ಮಡಿಲಲ್ಲಿ ಹಿಡಿದು ಕೂತಿದ್ದಳು. ಕಿಟಕಿಯಿಂದ ಎರಚಲು ಬಂದಾಗ ಬೆನ್ನು ತಿರುಗಿಸಿದಳು. ಪಕ್ಕದ ಸೀಟಿನವನಿಗೆ, "ಆ ನೀರಿನ್ ಬಾಟ್ಲಿ ಒಸಿ ಆಚೆಗ್ ಇಕ್ಕಳಪ್ಪ" ಎಂದಳು. ಅವನು ಚೀಲವನ್ನೂ ಅವಳನ್ನೂ ನೋಡಿ ಎದ್ದುಹೋಗಿ ಹಿಂದಿನ ಸೀಟಿನಲ್ಲಿ ಕೂತ. ಏನು ತಿಳಿದುಕೊಂಡನೋ ಗೊತ್ತಿಲ್ಲ.

ನರ್ಸರಿ ದಬ್ಬೇಘಟ್ಟದ ರಸ್ತೆಯಲ್ಲಿತ್ತು. ಅಡಿಕೆ ಸಸಿ, ತೆಂಗಿನ ಸಸಿ, ಟೊಮೇಟೊ, ಬದನೆ. ಯಜಮಾನರು ಮಧ್ಯವಯಸ್ಸಿನವರು, ಮಾತು ಕಡಿಮೆ. ಕೆರೆಯ ಗೋಡು ಮಣ್ಣು, ಮರಳು, ಗೊಬ್ಬರ ಕಲಸಿ ಸಸಿ ಚೀಲಕ್ಕೆ ತುಂಬಿಸುತ್ತಿದ್ದರು. ನಾರಿನ ಪುಡಿ ಗೊತ್ತಿತ್ತು ಅವರಿಗೆ. ಒಂದು ಸಲ ಒದ್ದೆ ಪುಡಿಯನ್ನು ಮೂಟೆಯಲ್ಲಿ ತರಿಸಿ, ಲಾರಿ ತುಂಬ ಬರೀ ನೀರು ಹೇರಿಸಿಕೊಂಡು ಬಂದ ಹಾಗಾಯಿತು ಎಂದು ಬಿಟ್ಟಿದ್ದರಂತೆ. ಇಟ್ಟಿಗೆ ಕಂಡವರಲ್ಲ. ನಾನು ಗಂಟಲು ಸರಿಮಾಡಿಕೊಂಡು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಭಾಷಣ ಶುರುಮಾಡಿದೆ. ಅಮೆರಿಕ, ರಫ್ತು, ಸುಂಕ ಎಂದು ಬರುವಷ್ಟರಲ್ಲಿ ಅವರ ಕಣ್ಣು ಗೇಟಿನ ಕಡೆ ಹೋಯಿತು. ಅತ್ತಿಗೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ಒಂದ್ ಬಾನಿ ಕೊಡಿ. ನೀರು ತರಿಸಿ" ಎಂದಳು.

ಬಾನಿ ಬಂತು, ಬಕೆಟ್ಟಿನಲ್ಲಿ ನೀರು ಬಂತು. ಅವಳು ಸುರಿದು ಕೈ ಕಟ್ಟಿ ನಿಂತಳು. ಸಸಿ ಕೀಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ಪಾತಿ ಮಾಡುತ್ತಿದ್ದವನು ಗುದ್ದಲಿ ಊರಿ ನಿಂತ. ಬಾನಿಯೊಳಗೆ ಇಟ್ಟಿಗೆ ಮೈ ಮುರಿದು ಏಳುತ್ತಿತ್ತು. ನನಗೆ ಎರಡನೆಯ ಸಲ, ಆದರೂ ಬಾಯಿ ತೆರೆದೇ ಇತ್ತು. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನಮ್ಮ ಇದು, ನಿಲ್ಲೋದೇ ಇಲ್ವಾ?"

"ತಡೀರಿ, ಇನ್ನೂ ಏಳ್ತದೆ. ಇನ್ನೊಂದ್ ಬಕೆಟ್ ಹಾಕ್ಸಿ" ಎಂದಳು ಅತ್ತಿಗೆ, ಹುಟ್ಟಿದಾಗಿನಿಂದ ಇದನ್ನೇ ನೋಡುತ್ತಾ ಬಂದವಳ ಹಾಗೆ.

ಬಾನಿ ತುಂಬಿತು. ಯಜಮಾನರು ಒಂದು ಹಿಡಿ ಎತ್ತಿ ಹಿಂಡಿದರು, ಮೂಸಿದರು, ಇನ್ನೊಂದು ಕೈಗೆ ದಾಟಿಸಿದರು.

"ಬೇಸಿಗೆ ಸಸಿಗೆ ಬೇಕಾಗ್ತದೆ. ಅಮೆರಿಕದಷ್ಟೆಲ್ಲ ತಗೊಳ್ಳೋಕೆ ನನ್ ಕೈಲಾಗಲ್ಲ. ಪ್ರತಿ ವಾರ ಒಂದ್ ಆಟೋ ಲೋಡು ಕಳಿಸ್ತೀರಾ? ಮಿಷನ್ ನಡೀತಾ ಇದ್ಯಾ?"

ಮಿಷನ್ನು ನಿಂತು ಎರಡು ತಿಂಗಳಾಗಿತ್ತು. ಅರಸೀಕೆರೆಯವನ ಲಾರಿಗೆ ಇನ್ನೊಂದೇ ವಾರ. ನಾನು ಬಾಯಿ ತೆರೆಯುವುದರೊಳಗೆ ಅತ್ತಿಗೆ ಹೇಳಿದಳು. "ನಡೀತಾ ಐತೆ."

ಆಮೇಲೆ ಆ ಎರಡು ದೇಶದ ದೊಡ್ಡವರ ಮಾತುಕತೆ ಏನಾಯಿತು ಎಂಬುದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ, ನನ್ನ ಬೆಂಚಿನವರೂ ಓದುತ್ತಲೇ ಇದ್ದಾರೆ. ಒಂದು ಆಟೋ ಲೋಡು ಎಲ್ಲಿ, ಹಡಗು ಎಲ್ಲಿ. ಐದು ಜನಕ್ಕೆ ವಾರವಿಡೀ ಕೆಲಸವಾಗುವಷ್ಟಲ್ಲ, ಹೆಚ್ಚೆಂದರೆ ಮೂರು ದಿನದ್ದು. ಆ ಲೆಕ್ಕ ಅತ್ತಿಗೆಗೂ ಗೊತ್ತಿತ್ತು. ದಬ್ಬೇಘಟ್ಟದ ಬಸ್ ಸ್ಟಾಪಿನಲ್ಲಿ ಸೋನೆ ಹಿಡಿದಿತ್ತು. ಖಾಲಿ ಚೀಲವನ್ನು ತಲೆಯ ಮೇಲೆ ಹಾಕಿಕೊಂಡು ಅವಳು ಫೋನು ತೆಗೆದಳು.

"ತಿಮ್ಮಕ್ಕ, ನಾನು ಕಣಕ್ಕ. ನಾಳೆ ಬೆಳಿಗ್ಗೆ ಬುತ್ತಿ ಕಟ್ಕಂಡ್ ಬಾ. ಎಲ್ರುಗೂ ಹೇಳು."

ಅತ್ತಿಗೆ ಕಿವಿಗೊಟ್ಟು ಕೇಳಿ, ಫೋನನ್ನು ನನ್ನ ಕಿವಿಗೆ ಹಿಡಿದಳು. ತಿಮ್ಮಕ್ಕ ಫೋನನ್ನು ಎಲ್ಲೋ ಇಟ್ಟು ಬೀದಿಗೆ ಓಡಿದ್ದಳು. ದೂರದಲ್ಲಿ ಅವಳ ಗಂಟಲು ಕೇಳಿಸುತ್ತಿತ್ತು. "ಲೇ ಗೌರಿ... ಪುಟ್ಟಿ... ಲಚ್ಚೀ... ಎಲ್ಲಿದ್ದೀರ್ರೇ? ಬುತ್ತಿ ಕಣ್ರೇ, ನಾಳಿಕ್ ಬುತ್ತಿ!"